ತುಂಡಾದ ಬೆರಳು, ಗಡುಸಾದ ನಾದ

ಪಾಶ್ಚಾತ್ಯರ ‘ಹೆವಿ ಮೆಟಲ್’ ಸಂಗೀತದ ಹೆಸರು ಕೇಳಿದೊಡನೆಯೇ ಕಿವಿ ಮುಚ್ಚಿಕೊಳ್ಳುವವರು ಬಹಳ ಮಂದಿ. ಮನೆಯ ಹುಡುಗರು ಕೋಣೆಯ ಕದವಿಕ್ಕಿಕೊಂಡು ಅದನ್ನು ಆಲಿಸುತ್ತಿದ್ದರೆ ಹಿರಿಯರು ‘ಇದೇನು ಕುಲುಮೆಯ ಸದ್ದು!’ ಎಂದು ಗೊಣಗುವುದುಂಟು. ಆ ಗೊಣಗಾಟದಲ್ಲಿ ಅವರಿಗೇ ಅರಿವಿಲ್ಲದ ಒಂದು ಸತ್ಯವಡಗಿದೆ. ಈ ಸಂಗೀತ ಹುಟ್ಟಿದ್ದೇ ಕುಲುಮೆಗಳ ನೆರೆಯಲ್ಲಿ. ಅದು ಮೈದಳೆದು ನಿಂತ ವರ್ಷ 1970. ಆ ಒಂದೇ ವರ್ಷದಲ್ಲಿ ಹೊರಬಂದ ಧ್ವನಿಮುದ್ರಿಕೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಮುಂದಿನ ಅರ್ಧ ಶತಮಾನದ ಗಡುಸು ಸಂಗೀತವೆಲ್ಲ ಅಲ್ಲಿ ಬೀಜರೂಪದಲ್ಲಿ ಕಾಣುತ್ತದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಲೋಹದ ಕಾರ್ಖಾನೆಗಳಿಗೆ ಹೆಸರಾದ ನಗರ. ಅದರ ಆಸ್ಟನ್ ಎಂಬ ಭಾಗದಲ್ಲಿ ಮಹಾಯುದ್ಧದ ಬಾಂಬುಗಳು ಕೆಡವಿದ ಕಟ್ಟಡಗಳ ಅವಶೇಷಗಳ ನಡುವೆ ಆಡಿ ಬೆಳೆದ ಹುಡುಗರಲ್ಲಿ ಟೋನಿ ಅಯೋಮಿ ಒಬ್ಬ. ಹದಿನೇಳರ ಪ್ರಾಯದಲ್ಲಿ ಅವನು ತಗಡಿನ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಕೆಲಸಕ್ಕಿದ್ದ. ಬಿಡುವಿನಲ್ಲಿ ಗಿಟಾರ್ ನುಡಿಸುತ್ತಿದ್ದ. ವಾದ್ಯತಂಡವೊಂದರೊಡನೆ ಜರ್ಮನಿಗೆ ಹೋಗುವ ಅವಕಾಶ ಒದಗಿ, ಕೆಲಸ ಬಿಡಲು ನಿಶ್ಚಯಿಸಿದ. ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನಿಗೆ ಮರಳಿ ಹೋಗುವ ಮನಸ್ಸಿರಲಿಲ್ಲ. ಹಿಡಿದ ಕೆಲಸವನ್ನು ನೆಟ್ಟಗೆ ಮುಗಿಸಿ ಬಾ ಎಂದು ತಾಯಿಯೇ ಕಳುಹಿಸಿದಳು. ಅಂದು ತಗಡನ್ನು ಒತ್ತುವ ಯಂತ್ರದ ಕೆಲಸದಾಳು ಬಂದಿರಲಿಲ್ಲ. ಅಭ್ಯಾಸವಿಲ್ಲದ ಟೋನಿಯನ್ನು ಅದರ ಮುಂದೆ ನಿಲ್ಲಿಸಲಾಯಿತು. ಯಂತ್ರವು ಅವನ ಬಲಗೈಯ ನಡುಬೆರಳು ಮತ್ತು ಉಂಗುರಬೆರಳುಗಳ ತುದಿಯನ್ನು ತೆಗೆದುಕೊಂಡಿತು.

ಬಲಗೈ ತಾನೆ, ಮೀಟುವುದಕ್ಕೆ ಹೇಗೋ ಆದೀತು ಎನ್ನುವಂತಿಲ್ಲ. ಟೋನಿ ಎಡಚ. ಎಡಗೈಯಿಂದ ಮೀಟಿ ಬಲಗೈಯಿಂದ ತಂತಿಯನ್ನೊತ್ತುವವನು. ವೈಣಿಕನೊಬ್ಬನ ಎಡಗೈ ಬೆರಳುಗಳು ತುಂಡಾದರೆ ಏನಾದೀತೋ ಅದೇ ಅವನಿಗಾಯಿತು. ಗಿಟಾರಿನ ಆಸೆ ಬಿಡುವುದೇ ಲೇಸೆಂದು ವೈದ್ಯರು ಹೇಳಿದರು. ಹತಾಶನಾಗಿ ಕುಳಿತವನ ಬಳಿಗೆ ಕಾರ್ಖಾನೆಯ ಮೇಲ್ವಿಚಾರಕನು ಒಂದು ಧ್ವನಿಮುದ್ರಿಕೆಯನ್ನು ಹಿಡಿದುಕೊಂಡು ಬಂದು, ಕೇಳೆಂದು ಒತ್ತಾಯಿಸಿದ. ಅದು ಜಾಂಗೋ ರೈನ್‌ಹಾರ್ಟ್ ಎಂಬ ಜಾಜ್ ವಾದಕನದು. 1928ರಲ್ಲಿ ವಾಸದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳನ್ನು ಕಳೆದುಕೊಂಡಂತಾಗಿದ್ದರೂ, ಉಳಿದ ಎರಡರಲ್ಲೇ ನುಡಿಸಿ ಜಗತ್ತನ್ನು ಬೆರಗುಗೊಳಿಸಿದವನು ಅವನು.

ಟೋನಿ ಮನೆಯಲ್ಲಿದ್ದ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ, ಬೆರಳಿಗೆ ಕೂರುವ ಟೋಪಿಗಳನ್ನು ಮಾಡಿಕೊಂಡು, ಅವಕ್ಕೆ ಚರ್ಮವನ್ನು ಅಂಟಿಸಿದ. ದಪ್ಪ ತಂತಿಗಳನ್ನು ಒತ್ತಿದರೆ ನೋವಾಗುತ್ತಿತ್ತು. ಬ್ಯಾಂಜೋ ವಾದ್ಯದ ತೆಳುತಂತಿಗಳನ್ನು ಬಿಗಿದುಕೊಂಡ. ಬೆರಳ ತುದಿಗೆ ಸ್ಪರ್ಶವಿಲ್ಲದ್ದರಿಂದ ತಂತಿಯನ್ನು ಎಷ್ಟು ಒತ್ತಿದೆನೆಂಬುದನ್ನು ಕಿವಿಯಿಂದಲೇ ತಿಳಿಯಬೇಕಾಯಿತು. ಅವನ ವಾದನಕ್ಕೆ ಒದಗಿದ ಗಡುಸಿಗೆ ಇವೆಲ್ಲ ಕಾರಣಗಳು. ಸಡಿಲ ಬಿಟ್ಟಷ್ಟೂ ತಂತಿ ಬೆರಳಿಗೆ ಹಗುರ ಎಂಬುದನ್ನು ಕಂಡುಕೊಂಡು, 1971ರ ಮೂರನೆಯ ಧ್ವನಿಮುದ್ರಿಕೆಯ ಹೊತ್ತಿಗೆ ಶ್ರುತಿಯನ್ನೇ ಮೂರು ಸ್ವರಸ್ಥಾನಗಳಷ್ಟು ಇಳಿಸಿದ. ಇಂದು ಲೋಕದ ತರುಣರು ಭಯಂಕರ ನಾದಕ್ಕೆಂದು ಶ್ರುತಿ ಇಳಿಸುತ್ತಾರೆ. ಅವನು ಇಳಿಸಿದ್ದು ನೋವು ತಾಳಲಾರದೆ.

ಅವನೊಡನೆ ಸೇರಿದ ಮೂವರೂ ಅದೇ ಆಸ್ಟನ್ನಿನವರು. ಗಾಯಕ ಆಜಿ ಆಸ್‌ಬರ್ನ್ ಹದಿನೈದಕ್ಕೇ ಶಾಲೆ ಬಿಟ್ಟು, ಕಸಾಯಿಖಾನೆಯಲ್ಲಿಯೂ ಮೋಟಾರು ಹಾರ್ನುಗಳ ಸ್ವರ ಪರೀಕ್ಷಿಸುವ ಕೆಲಸದಲ್ಲಿಯೂ ದುಡಿದು, ಕಳ್ಳತನಕ್ಕಾಗಿ ಕೆಲಕಾಲ ಸೆರೆವಾಸವನ್ನೂ ಕಂಡಿದ್ದವನು. ಬೇಸ್ ವಾದಕ ಗೀಜರ್ ಬಟ್ಲರ್ ಸಾಹಿತ್ಯ ಬರೆದ. ಬಿಲ್ ವಾರ್ಡ್ ಡ್ರಂ ಬಾರಿಸಿದ. 1963ರ ಭಯಾನಕ ಚಲನಚಿತ್ರವೊಂದರ ಹೆಸರನ್ನು ಎತ್ತಿಕೊಂಡು ತಂಡಕ್ಕೆ ‘ಬ್ಲ್ಯಾಕ್ ಸ್ಯಾಬತ್’ ಎಂದು ಕರೆದರು. 1969ರ ಅಕ್ಟೋಬರ್ 16ರಂದು ಲಂಡನ್ನಿನಲ್ಲಿ ಒಂದೇ ದಿನದಲ್ಲಿ ಮುದ್ರಿಸಿದ ಅವರ ಮೊದಲ ಧ್ವನಿಮುದ್ರಿಕೆ 1970ರ ಫೆಬ್ರವರಿ 13, ಶುಕ್ರವಾರ ಬಿಡುಗಡೆಯಾಯಿತು. ಶುಕ್ರವಾರವೂ ಹದಿಮೂರನೆಯ ತಾರೀಖೂ ಕೂಡಿದರೆ ಅಶುಭವೆಂಬುದು ಆ ದೇಶದವರ ನಂಬಿಕೆ!

ಅದರ ಮೊದಲ ಗೀತೆಯ ಸ್ವರಗಳು ಮೂರೇ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಪ್ರತಿಮಧ್ಯಮಕ್ಕೆ ಇಳಿತ. ಆಂಗ್ಲ ಸಂಗೀತಕಾರ ಹೋಲ್ಸ್ಟ್ ಮಂಗಳಗ್ರಹವನ್ನು ಕುರಿತು ರಚಿಸಿದ ವಾದ್ಯಕೃತಿಯನ್ನು ಬಟ್ಲರ್ ನುಡಿಸುತ್ತಿದ್ದುದೇ ಇದಕ್ಕೆ ಪ್ರೇರಣೆ. ಷಡ್ಜ–ಪ್ರತಿಮಧ್ಯಮಗಳ ಅಂತರವನ್ನು ಯೂರೋಪಿನ ಹಳೆಯ ಶಾಸ್ತ್ರಕಾರರು ಸೈತಾನನ ನಾದವೆಂದು ಕರೆದು ದೂರವಿಟ್ಟಿದ್ದರು. ಕರ್ನಾಟಕ ಸಂಗೀತದ ರಸಿಕರಿಗೆ ಇದು ವಿನೋದವಾಗಿ ತೋರಬಹುದು. ಎಪ್ಪತ್ತೆರಡು ಮೇಳಕರ್ತರಾಗಗಳಲ್ಲಿ ಸರಿಯಾಗಿ ಅರ್ಧದಷ್ಟು ಆ ಪ್ರತಿಮಧ್ಯಮದವೇ, ಕಲ್ಯಾಣಿಯೂ ಅವುಗಳಲ್ಲೊಂದು! ಒಂದು ನಾಡಿಗೆ ಮಂಗಳವಾದದ್ದು ಇನ್ನೊಂದಕ್ಕೆ ಮಾರಿಯಾಗಿ ಕೇಳಿಸಿತು.

ವಿಮರ್ಶಕರು ಇದನ್ನು ಹಳಿದರು. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್, ಕ್ರೀಂ ತಂಡದಂತೆಯೇ ಇದೆ, ಆದರೆ ಅದಕ್ಕಿಂತ ಕೀಳು ಎಂಬರ್ಥದಲ್ಲಿ ಬರೆದ. ಜನ ಮಾತ್ರ ಕೊಂಡರು; ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು ಎಂಟನೆಯ ಸ್ಥಾನಕ್ಕೇರಿತು.

ಎರಡನೆಯ ಧ್ವನಿಮುದ್ರಿಕೆ ‘ಪ್ಯಾರನಾಯ್ಡ್’ ಅದೇ ವರ್ಷ ಸೆಪ್ಟೆಂಬರ್ 18ರಂದು ಬಂದಿತು. ಅದಕ್ಕೆ ಮೊದಲಿಟ್ಟ ಹೆಸರು ‘ವಾರ್ ಪಿಗ್ಸ್’: ಬಡವರನ್ನು ರಣರಂಗಕ್ಕೆ ಅಟ್ಟಿ ತಾವು ಮರೆಯಲ್ಲಿ ಕೂರುವ ದೊರೆಗಳ ಮೇಲಿನ ಗೀತೆಯದು. ವಿಯೆಟ್ನಾಂ ಯುದ್ಧದ ಆ ಕಾಲದಲ್ಲಿ ಹೆಸರು ಬದಲಾಯಿತು. ಮುಖಪುಟದ ಚಿತ್ರ ಬದಲಾಗಲಿಲ್ಲ. ಹೀಗಾಗಿ ಖಡ್ಗ, ಗುರಾಣಿ ಹಿಡಿದ ವ್ಯಕ್ತಿ ಸಂಬಂಧವಿಲ್ಲದ ಶೀರ್ಷಿಕೆಯ ಕೆಳಗೆ ಇಂದಿಗೂ ನಿಂತಿದ್ದಾನೆ. ಹೊಸ ಹೆಸರು ಕೊಟ್ಟ ಗೀತೆಯಾದರೋ ಮೂರು ನಿಮಿಷದ ಜಾಗ ತುಂಬಲು ಅವಸರದಲ್ಲಿ ಹೊಸೆದದ್ದು. ತಂಡಕ್ಕೆ ಹೆಚ್ಚು ಕೀರ್ತಿ ತಂದದ್ದು ಅದೇ. ಅಕ್ಟೋಬರಿನಲ್ಲಿ ಧ್ವನಿಮುದ್ರಿಕೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂದಿತು. ಆ ಸ್ಥಾನ ಅವರಿಗೆ ಮತ್ತೆ ದೊರೆತದ್ದು 2013ರಲ್ಲಿ!

ಆ ಸೆಪ್ಟೆಂಬರ್ 18ರಂದೇ ಲಂಡನ್ನಿನಲ್ಲಿ ಜಿಮಿ ಹೆಂಡ್ರಿಕ್ಸ್ ಇಪ್ಪತ್ತೇಳನೆಯ ವಯಸ್ಸಿಗೆ ತೀರಿಕೊಂಡ. ಬೀಟಲ್ಸ್ ಒಡೆದದ್ದು ಏಪ್ರಿಲಿನಲ್ಲಿ. ಒಂದು ಕಾಲ ಮುಗಿಯುತ್ತಿತ್ತು.

ಜೂನ್ ತಿಂಗಳಲ್ಲಿ ಡೀಪ್ ಪರ್ಪಲ್ ತಂಡದ ‘ಇನ್ ರಾಕ್’ ಬಂದಿದ್ದಿತು. ಹಿಂದಿನ ವರ್ಷವಷ್ಟೇ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ವಾದ್ಯವೃಂದದೊಡನೆ ಗಂಭೀರವಾಗಿ ನುಡಿಸಿದ್ದವರು ಈಗ ಕಿವಿಗಡಚಿಕ್ಕುವಂತೆ ನುಡಿಸಿದರು. ಹತ್ತು ನಿಮಿಷಕ್ಕೂ ಮೀರಿದ ‘ಚೈಲ್ಡ್ ಇನ್ ಟೈಂ’ ಗೀತೆಯಲ್ಲಿ ಇಯಾನ್ ಗಿಲನ್‌ನ ಕಂಠ ಮೆಲುದನಿಯಿಂದ ಚೀತ್ಕಾರದವರೆಗೆ ಏರುವ ಪರಿ ಅಪೂರ್ವ. ಅದರ ಮೂಲ ಸ್ವರಪಂಕ್ತಿ ಮಾತ್ರ ಸ್ವಂತದ್ದಲ್ಲ, ಸಾನ್ ಫ್ರಾನ್ಸಿಸ್ಕೋದ ತಂಡವೊಂದರ ‘ಬಾಂಬೆ ಕಾಲಿಂಗ್’ನಿಂದ ಎತ್ತಿದ್ದು. ಆ ತಂಡದವರೂ ಇವರ ಇನ್ನೊಂದು ರಚನೆಯನ್ನು ಎತ್ತಿಕೊಂಡು ಲೆಕ್ಕ ಸರಿಮಾಡಿಕೊಂಡರು. ಲೆಡ್ ಜೆಪ್ಲಿನ್ ತಂಡದ ಮೂರನೆಯ ಧ್ವನಿಮುದ್ರಿಕೆ ಅಕ್ಟೋಬರಿನದು. ವೇಲ್ಸ್ ಪ್ರಾಂತದ, ವಿದ್ಯುತ್ತಿಲ್ಲದ ಕುಟೀರವೊಂದರಲ್ಲಿ ಅದರ ಹಲವು ಗೀತೆಗಳು ರೂಪುಗೊಂಡವು. ಗುಡುಗನ್ನು ನಿರೀಕ್ಷಿಸಿದ್ದವರು ಅದರ ಮೃದುತ್ವಕ್ಕೆ ಮುನಿದರು. ಆ ಮುನಿಸು ಅನ್ಯಾಯದ್ದು.

ಇನ್ನು ಅಮೆರಿಕದ ಸ್ಟೂಜಸ್ ತಂಡದ ‘ಫನ್ ಹೌಸ್’. ಜುಲೈಯಲ್ಲಿ ಬಂದ ಇದನ್ನು ಕೊಂಡವರು ಕಡಿಮೆ. ಎಲ್ಲರೂ ಒಟ್ಟಿಗೆ ನಿಂತು, ವೇದಿಕೆಯಲ್ಲಿ ನುಡಿಸಿದಂತೆಯೇ ಮುದ್ರಿಸಿದ ಈ ಒರಟು ಸಂಗೀತವನ್ನು ಹಲವು ವರ್ಷಗಳ ಬಳಿಕ ಪಂಕ್ ಮತ್ತು ಆಲ್ಟರ್ನೇಟಿವ್ ತಂಡಗಳವರು ಗುರುಸ್ಥಾನದಲ್ಲಿಟ್ಟರು. ಆ ವರ್ಷದ ಪೈಕಿ ಒಂದನ್ನು ಮಾತ್ರ ಆಯಬೇಕೆಂದರೆ ಇದಕ್ಕೂ ‘ಪ್ಯಾರನಾಯ್ಡ್’ಗೂ ನಡುವೆ ತೀರ್ಪು ಕಷ್ಟ.

2025ರ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ ಆ ನಾಲ್ವರೂ ಇಪ್ಪತ್ತು ವರ್ಷಗಳ ಮೇಲೆ ಒಟ್ಟಾಗಿ ನುಡಿಸಿದರು. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದ ಮೆಟಾಲಿಕಾ ತಂಡವೂ ಅಂದು ಅವರ ಗೌರವಾರ್ಥ ಹಾಡಿತು. ಪಾರ್ಕಿನ್ಸನ್ ರೋಗದಿಂದ ನಿಲ್ಲಲಾರದ ಆಜಿ ಸಿಂಹಾಸನದಂಥ ಆಸನದಲ್ಲಿ ಕುಳಿತೇ ಹಾಡಿದ. ನಾಲ್ವರು ಒಟ್ಟಿಗೆ ನುಡಿಸಿದ ಗೀತೆಗಳು ನಾಲ್ಕು: ‘ವಾರ್ ಪಿಗ್ಸ್’, ‘ಎನ್.ಐ.ಬಿ.’, ‘ಐರನ್ ಮ್ಯಾನ್’, ಕೊನೆಗೆ ಜಾಗ ತುಂಬಲು ಹೊಸೆದ ಆ ‘ಪ್ಯಾರನಾಯ್ಡ್’. ನಾಲ್ಕೂ 1970ರವು. ಹದಿನೇಳು ದಿನಗಳ ನಂತರ, ಜುಲೈ 22ರಂದು, ಆಜಿ ತೀರಿಕೊಂಡ, ವಯಸ್ಸು ಎಪ್ಪತ್ತಾರಾಗಿತ್ತು.