ಇಂಗಾಲ ಹೂಳುವ ಮುನ್ನ ನೆಲದ ಬಿರುಕು ನೋಡಬೇಕು

ಕಾರ್ಖಾನೆಗಳ ಇಂಗಾಲದ ಡೈಆಕ್ಸೈಡನ್ನು ಭೂಗರ್ಭದಲ್ಲಿ ತುಂಬಿಡುವ ಯೋಜನೆಗಳಿಗೆ ದೊಡ್ಡ ಸವಾಲು ಸ್ತರಭಂಗ, ಅಂದರೆ ಶಿಲಾಪದರ ಮುರಿದು ಸರಿದ ಜಾಗ. ಅದು ಅನಿಲ ಸೋರುವ ದಾರಿಯಾಗಬಹುದು, ತಡೆಯುವ ಗೋಡೆಯೂ ಆಗಬಹುದು. ಗೋಡೆಯಾದರೆ ಒಳ್ಳೆಯದೇ ಎನ್ನುವಂತಿಲ್ಲ. ನಾರ್ವೆಯ ಸ್ನೋವಿಟ್‌ನಲ್ಲಿ 2008ರಲ್ಲಿ ಅನಿಲ ತುಂಬತೊಡಗಿದಾಗ ಸ್ತರಭಂಗ, ಬಿಗಿ ಶಿಲೆಗಳು ಅಡ್ಡಬಂದು ಒತ್ತಡ ನಿರೀಕ್ಷೆ ಮೀರಿ ಏರಿತು. 2011ರಲ್ಲಿ ಬೇರೆ ಪದರಕ್ಕೆ ತಿರುಗಿಸಬೇಕಾಯಿತು. ಅಲ್ಜೀರಿಯಾದ ಇನ್ ಸಾಲಾದಲ್ಲಿ ನೆಲ ತುಸು ಉಬ್ಬಿದ್ದನ್ನು ಉಪಗ್ರಹಗಳು ಪತ್ತೆಹಚ್ಚಿದವು. ಮುಚ್ಚಳದಂತಿರುವ ಮೇಲಿನ ಶಿಲೆಯ ಬಗ್ಗೆ ಆತಂಕ ಹುಟ್ಟಿ ಅಲ್ಲೂ 2011ರಲ್ಲೇ ಕೆಲಸ ನಿಂತಿತು.

ಭಾರತದಲ್ಲಿ ದಖ್ಖನ್ ಬಸಾಲ್ಟ್ ಮೇಲೆ ಸಂಶೋಧಕರ ಕಣ್ಣಿದೆ. ಅನಿಲವನ್ನು ಕಲ್ಲಾಗಿಸುವ ಗುಣ ಅದಕ್ಕುಂಟು, ನಿಜ. ಆದರೆ 1967ರಲ್ಲಿ ಕೊಯ್ನಾ ನಡುಗಿದ್ದೂ ಇದೇ ಸೀಮೆಯಲ್ಲಿ. ಅಣೆಕಟ್ಟೆಯ ನೀರಿನ ಭಾರ, ಒತ್ತಡಕ್ಕೇ ಅಲ್ಲಿನ ಸ್ತರಭಂಗ ಕದಲಿತೆಂದು ಹೆಚ್ಚಿನ ಭೂವಿಜ್ಞಾನಿಗಳು ಹೇಳುತ್ತಾರೆ.