ತಿಂಡಿಯಾದ ಮೇಲೆ ಬರುವ ನಡುಕ

ಬೆಳಿಗ್ಗೆ ಸಕ್ಕರೆ ಮುಂದಾಗಿ ಹಾಕಿದ ಚಹಾ, ಜೊತೆಗೆ ಎರಡು ಬನ್ನು ಕೊಟ್ಟುಬಿಟ್ಟರೆ ಆಳುಗಳಿಗೆ ಮಧ್ಯಾಹ್ನದವರೆಗೆ ಕಸುವು ಇರುತ್ತದೆಂಬ ನಂಬಿಕೆ ನಮ್ಮ ತೋಟಗಳಲ್ಲಿ ಬೇರೂರಿದೆ. ಬೆಳೆಗಾರ ಬಂಧುಗಳು ಈ ಪದ್ಧತಿಯನ್ನು ಬಿಡಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಬರಿ ಸಿಹಿ ಹೊಟ್ಟೆಗೆ ಬಿದ್ದೊಡನೆ ರಕ್ತದಲ್ಲಿ ಸಕ್ಕರೆ ಬೇಗನೆ ಏರುತ್ತದೆ. ಅದನ್ನು ಇಳಿಸಲು ಮೇದೋಜೀರಕ ಗ್ರಂಥಿಯು ಇನ್ಸುಲಿನ್ ರಸವನ್ನು ಸುರಿಸುತ್ತದೆ. ಕೆಲವರಲ್ಲಿ ಈ ರಸ ಅಗತ್ಯಕ್ಕಿಂತ ಹೆಚ್ಚಾಗಿ, ಇಲ್ಲವೆ ತಡವಾಗಿ ಬಂದು, ಉಂಡ ಎರಡರಿಂದ ನಾಲ್ಕು ಗಂಟೆಯೊಳಗೆ ಸಕ್ಕರೆ ಇರಬೇಕಾದ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ವೈದ್ಯರು ಇದನ್ನು ರಿಯಾಕ್ಟಿವ್ ಹೈಪೋಗ್ಲೈಸೀಮಿಯಾ ಎನ್ನುತ್ತಾರೆ. ಕೈ ನಡುಗುವುದು, ತಣ್ಣನೆ ಬೆವರು, ಎದೆ ಬಡಿತ, ಸಿಡುಕು, ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಜಠರದ ಶಸ್ತ್ರಚಿಕಿತ್ಸೆ ಆದವರಲ್ಲಿ ಇದು ಹೆಚ್ಚು. ಹಸಿದ ಹೊಟ್ಟೆಯಲ್ಲಿ ಸಿಹಿ ಬೆರೆಸಿ ಮದ್ಯ ಕುಡಿದರೂ ಬರಬಹುದು.

ಹುಬ್ಬಳ್ಳಿ ಕಡೆಗೆ ಕೆಲಸದ ಮೇಲೆ ಹೋದ ನಮ್ಮವರು ಬೆಂಗೇರಿ ಸಂತೆಯಲ್ಲಿ ಬಿಸಿಲಿಗೆ ಬಳಲಿ, ಖಾಲಿ ಹೊಟ್ಟೆಗೆ ಎರಡು ಲೋಟ ಕಬ್ಬಿನ ಹಾಲು ಕುಡಿದು ಬಸ್ಸು ಹತ್ತುತ್ತಾರೆ. ಅರ್ಧ ದಾರಿಯಲ್ಲಿ ತಲೆ ಸುತ್ತಿದರೆ ಪಿತ್ತವೆಂದು ಮತ್ತೆ ಸಿಹಿ ಚಹಾ! ಅಲ್ಲಿಯೇ ರೊಟ್ಟಿ, ಕಾಳುಪಲ್ಯೆ ಉಂಡು ಹೊರಟಿದ್ದರೆ ಆಗುತ್ತಿತ್ತು. ಸಕ್ಕರೆ ಬಿಟ್ಟು ಜೋನಿಬೆಲ್ಲ ಹಾಕಿಕೊಂಡೆವೆಂದು ಸಮಾಧಾನಪಡುವವರೂ ಇದ್ದಾರೆ. ಈ ವಿಷಯದಲ್ಲಿ ಬೆಲ್ಲ ಸಕ್ಕರೆಯ ಅಣ್ಣನೇ ಸರಿ.

ಆದರೆ ಎಲ್ಲ ನಡುಕವೂ ಇದಲ್ಲ. ನಾವು ಬೆಳೆಯುವ ಕಾಫಿಯನ್ನೇ ಅತಿಯಾಗಿ ಕುಡಿದರೂ ಕೈ ನಡುಗಿ ಎದೆ ಹೊಡೆದುಕೊಳ್ಳುತ್ತದೆ. ಮನಸ್ಸಿನ ಆತಂಕದಿಂದಲೂ ಹಾಗಾಗುತ್ತದೆ. ಅಮೆರಿಕದ ಶಸ್ತ್ರವೈದ್ಯ ಅಲೆನ್ ವಿಪಲ್ 1930ರ ದಶಕದಲ್ಲಿ ಹೇಳಿದ ಮೂರು ಗುರುತುಗಳು ಇಂದಿಗೂ ಪ್ರಮಾಣ: ಲಕ್ಷಣ ಕಾಣಬೇಕು, ಅದೇ ಹೊತ್ತಿನಲ್ಲಿ ರಕ್ತದ ಸಕ್ಕರೆ ಕಡಿಮೆಯಿರಬೇಕು, ಸಕ್ಕರೆ ಏರಿದೊಡನೆ ಲಕ್ಷಣ ಮಾಯವಾಗಬೇಕು. ಮಧುಮೇಹವಿಲ್ಲದವರಲ್ಲಿ ನೂರು ಮಿಲಿ ಲೀಟರ್ ರಕ್ತಕ್ಕೆ 55 ಮಿಲಿಗ್ರಾಂಗಿಂತ ಕೆಳಗಿದ್ದರೆ ಕಡಿಮೆಯೆಂದು ಲೆಕ್ಕ. ಪರೀಕ್ಷೆ ಮಾಡಿಸದೆ ತಾವೇ ರೋಗಕ್ಕೆ ಹೆಸರಿಡುವುದು ಬೇಡ.

ನಮ್ಮ ಚಿಂತೆ ಕೊನೆಗೌಡರದು. ಹನ್ನೊಂದು ಗಂಟೆಗೆ ಅಡಿಕೆ ಮರದ ತುದಿಯಲ್ಲಿರುವವನ ಕೈ ನಡುಗಿದರೆ ಪರಿಣಾಮವೇನೆಂದು ವಿವರಿಸಬೇಕಿಲ್ಲ. ಕೊಳೆಮದ್ದು ಹೊಡೆಯುವವರ ಪಾಡೂ ಅದೇ. ಕೊನೆಕೊಯ್ಲಿನ ದಿನ ಮೊಳಕೆ ಹೆಸರುಕಾಳು, ಶೇಂಗಾ, ಮೊಟ್ಟೆ, ಮಜ್ಜಿಗೆ ಇವುಗಳಲ್ಲಿ ಯಾವುದಾದರೂ ತಿಂಡಿಯ ಜೊತೆಗಿರಲಿ. ಇವು ಸಕ್ಕರೆಯ ಏರಿಳಿತವನ್ನು ತಗ್ಗಿಸುತ್ತವೆ. ಮೂರು ಮೂರು ಗಂಟೆಗೊಮ್ಮೆ ಸ್ವಲ್ಪ ತಿನ್ನಲು ಬಿಡುವು ಕೊಡಬೇಕು. ಕೂಲಿಯ ಲೆಕ್ಕದಲ್ಲಿ ಇದೇನೂ ಭಾರವಲ್ಲ.

ನಡುಕ ಬಂದಾಗ ಮಾತ್ರ ಮೊದಲು ಕೆಳಗಿಳಿಸಿ, ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ನೋಡಿ, ಆಮೇಲೆ ಊಟ ಕೊಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಮಧುಮೇಹದ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಪದೇ ಪದೇ ಹೀಗಾಗುತ್ತಿದ್ದರೆ ಔಷಧದ ಪ್ರಮಾಣವನ್ನೇ ವೈದ್ಯರಿಗೆ ತೋರಿಸಿ ತಿದ್ದಿಸಿಕೊಳ್ಳತಕ್ಕದ್ದು. ಅಂಥವರನ್ನು ಅಲ್ಲಿಯವರೆಗೆ ಮರ ಹತ್ತಿಸಬಾರದು.