ನಾಗಪುರವೂ ಒಂದು ದ್ವೀಪವೇ

ಸುತ್ತಲೂ ನೀರಿರುವ ಭೂಭಾಗಕ್ಕೆ ದ್ವೀಪವೆಂದು ಹೆಸರು ಎಂಬುದನ್ನು ಭೂಗೋಳದ ಪಾಠದಲ್ಲಿ ನಾವೆಲ್ಲರೂ ಓದಿದ್ದೇವೆ. ಆದರೆ ದ್ವೀಪವಾಸಿಗಳ ಪಾಡನ್ನು ಈ ವ್ಯಾಖ್ಯೆಯು ತಿಳಿಸಲಾರದು. ಯಾವ ಊರಿನ ಅನ್ನವು ಅದರ ಕಣ್ಣಿಗೆ ಕಾಣದ ದೂರದಿಂದ ಬರಬೇಕಾಗಿದೆಯೋ ಅದೇ ದ್ವೀಪವೆಂದು ನಮ್ಮ ಅಭಿಪ್ರಾಯ. ಹಾಗೆ ನೋಡಿದರೆ ಕಡಲಿನಿಂದ ನೂರಾರು ಮೈಲಿ ಒಳಗಿರುವ ನಮ್ಮ ನಾಗಪುರವೂ ದ್ವೀಪವೇ ಸರಿ.

ನಿಜವಾದ ದ್ವೀಪಗಳ ಸಂಗತಿಯನ್ನು ಮೊದಲು ನೋಡೋಣ. ಲಕ್ಷದ್ವೀಪದಲ್ಲಿ ಜನವಸತಿಯುಳ್ಳ ದ್ವೀಪಗಳು ಹತ್ತು. ಎಲ್ಲ ದ್ವೀಪಗಳ ನೆಲವನ್ನು ಕೂಡಿಸಿದರೂ ಸುಮಾರು 32 ಚದರ ಕಿಲೋಮೀಟರು ಮಾತ್ರ. ಅಲ್ಲಿ ತೆಂಗು ಬೆಳೆಯುವುದು, ಕಡಲಿನಲ್ಲಿ ಮೀನು ದೊರೆಯುವುದು; ಅಕ್ಕಿಯು ಹೊರಗಿನಿಂದಲೇ ಬರಬೇಕು. ಅಮೀನಿ, ಕಡಮತ್, ಕಿಲ್ತಾನ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಹಿಂದಿನ ಕಾಲದಲ್ಲಿ ಅಲ್ಲಿಯ ಜನರು ತೆಂಗಿನ ನಾರನ್ನು ಹುರಿ ಮಾಡಿ ಮಂಗಳೂರಿಗೆ ತಂದು ಸರಕಾರಕ್ಕೆ ಒಪ್ಪಿಸಿ, ಅದಕ್ಕೆ ಬದಲಾಗಿ ಅಕ್ಕಿಯನ್ನು ಪಡೆದು ಹಿಂದಿರುಗುತ್ತಿದ್ದರು. ನಾರಿಗೆ ಬೆಲೆ ಕಟ್ಟುವವರು ದಡದವರೇ, ಅಕ್ಕಿಗೆ ಬೆಲೆ ಕಟ್ಟುವವರೂ ದಡದವರೇ! ಇಂದಿಗೂ ಮಂಗಳೂರಿನ ಹಳೆಯ ಬಂದರಿನಿಂದ ದಿನಸಿ, ತರಕಾರಿಗಳನ್ನು ಹೊತ್ತ ಹಡಗುಗಳು ಅಲ್ಲಿಗೆ ಹೋಗುತ್ತವೆ. ಮಳೆಗಾಲದಲ್ಲಿ ಕಡಲು ಕೆರಳಿದಾಗ ಚಿಕ್ಕ ಹಡಗುಗಳ ಸಂಚಾರ ನಿಲ್ಲುವುದು. ಅಷ್ಟರೊಳಗೆ ಕೂಡಿಟ್ಟುಕೊಳ್ಳಬೇಕೆಂಬುದನ್ನು ದ್ವೀಪದವರು ಬಲ್ಲರು.

ನಾವು ಬಲ್ಲೆವೆ? 2011ರ ಜನಗಣತಿಯಲ್ಲಿಯೇ ಈ ನಗರದ ಜನಸಂಖ್ಯೆ 24 ಲಕ್ಷವನ್ನು ಮೀರಿತ್ತು. 2020ರಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಲಾರಿಗಳು ದಾರಿಯಲ್ಲಿಯೇ ನಿಂತುದನ್ನು ಹಿರಿಯರಿಂದ ಕೇಳಿರಿ. ನಿಮ್ಮಲ್ಲಿ ಬಹುಮಂದಿ ಆಗ ಚಿಕ್ಕವರು. ವಿದರ್ಭದ ಕಪ್ಪು ಮಣ್ಣಿನಲ್ಲಿ ಹಿಂದೆ ಹತ್ತಿಯ ಜೊತೆಗೆ ಜೋಳವೇ ಮುಖ್ಯವಾದ ಪೈರಾಗಿತ್ತು. 1980ರ ದಶಕದಿಂದ ಈಚೆಗೆ ಸೋಯಾಬೀನು ಹಬ್ಬಿ, ಜೋಳದ ಹೊಲಗಳು ವರ್ಷದಿಂದ ವರ್ಷಕ್ಕೆ ಕಿರಿದಾದವು. ಸೋಯಾಬೀನು ಎಣ್ಣೆಯ ಗಿರಣಿಗೆ ಹೋಗುವ ಕಾಳು. ಅದರಿಂದ ರೊಟ್ಟಿಯೂ ಆಗದು, ದನಗಳಿಗೆ ಜೋಳದಷ್ಟು ಕಣಿಕೆಯೂ ದೊರೆಯದು. ಇದಕ್ಕಾಗಿ ರೈತನನ್ನು ಹಳಿಯುವುದು ನಮಗೆ ಸರಿತೋರುವುದಿಲ್ಲ. ಜೋಳವನ್ನು ಬಿತ್ತಿದರೆ ಹಕ್ಕಿಗಳು ಒಂದು ಪಾಲು, ಕಾಡುಹಂದಿಗಳು ಒಂದು ಪಾಲು ತಿನ್ನುವುವು. ಉಳಿದುದನ್ನು ತಕ್ಕ ಬೆಲೆಗೆ ಕೊಳ್ಳುವವರಿಲ್ಲ. ಕೊಳ್ಳಬೇಕಾದವರು ಯಾರು? ಪಟ್ಟಣದಲ್ಲಿ ಕುಳಿತು ಉಣ್ಣುವ ನಾವೇ.

ಈ ಕಗ್ಗಂಟನ್ನು ಬಿಡಿಸಿದ ಊರುಗಳು ನಮ್ಮ ಕನ್ನಡ ಸೀಮೆಯ ಅಂಚಿನಲ್ಲಿಯೇ ಇವೆ. ಜಹೀರಾಬಾದ್ ತಾಲ್ಲೂಕು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದಿತು, ಈಗ ತೆಲಂಗಾಣದಲ್ಲಿದೆ. ಅಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯು ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರು ಮೈಸೂರಿನಲ್ಲಿ ಜನಿಸಿದ ಪಿ. ವಿ. ಸತೀಶರು, 2023ರಲ್ಲಿ ಅವರು ತೀರಿಕೊಂಡರು. ಆದರೆ ಸಂಸ್ಥೆಯ ಜೀವಾಳವು ಅಲ್ಲಿಯ ದಲಿತ ಹೆಂಗಸರ ಸಂಘಗಳು. ಅಲ್ಲಿ ನ್ಯಾಯಬೆಲೆಯ ಅಂಗಡಿಗೆ ದೂರದ ಅಕ್ಕಿ ಬರುತ್ತಿದ್ದಿತು, ಊರಿನ ಹೊಲಗಳು ಬೀಳುಬಿದ್ದಿದ್ದವು. 1990ರ ದಶಕದ ನಡುವಿನಲ್ಲಿ ಸಂಘಗಳು ಸರಕಾರದ ನೆರವಿನಿಂದ ಒಂದು ಏರ್ಪಾಡನ್ನು ಮಾಡಿದವು. ಬೀಳು ಹೊಲದ ಒಡೆಯರಿಗೆ ಉಳುಮೆ, ಗೊಬ್ಬರ, ಬೀಜಗಳಿಗೆಂದು ಸಾಲವನ್ನು ಕೊಟ್ಟರು. ಆ ಸಾಲವನ್ನು ಹಣವಾಗಿ ತೀರಿಸಬೇಕಾಗಿರಲಿಲ್ಲ. ಕೆಲವು ವರ್ಷಗಳಲ್ಲಿ ಜೋಳವಾಗಿ ಅಳೆದುಕೊಟ್ಟರಾಯಿತು. ಹೀಗೆ ಕೂಡಿದ ಜೋಳವನ್ನು ಊರಿನಲ್ಲಿಯೇ ಶೇಖರಿಸಿ, ಕೆಲಸವೂ ಕಾಳೂ ಇಲ್ಲದ ತಿಂಗಳುಗಳಲ್ಲಿ ಬಡವರಿಗೆ ಅಗ್ಗವಾಗಿ ಮಾರಿದರು. ಬಂದ ಹಣವು ಮುಂದಿನ ಬೇಸಾಯದ ಸಾಲಕ್ಕೆ ಮೂಲಧನವಾಯಿತು. ಯಾರು ಹೆಚ್ಚು ಬಡವರೆಂಬುದನ್ನು ಅಧಿಕಾರಿಗಳು ನಿಶ್ಚಯಿಸಲಿಲ್ಲ. ಊರಿನವರೇ ಕುಳಿತು ಮನೆಮನೆಯ ಸ್ಥಿತಿಯನ್ನು ವಿಚಾರಿಸಿ, ತೀರ ಬಡವರಿಗೆ ಹೆಚ್ಚಿನ ಪಾಲನ್ನು ಗೊತ್ತುಮಾಡಿದರು. ಜೋಳ, ಸಜ್ಜೆ, ನವಣೆ, ಬೇಳೆಕಾಳುಗಳ ಬೀಜಗಳನ್ನು ಹೆಂಗಸರು ಬೂದಿ, ಬೇವಿನೆಲೆಗಳನ್ನು ಬೆರೆಸಿ ಮನೆಯಲ್ಲಿಯೇ ಕಾಪಾಡುತ್ತಾರೆ, ನೆರೆಯವರಿಗೂ ಕೊಡುತ್ತಾರೆ. 2019ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ದೊರೆಯಿತು.

ಇದು ಹೊಸದೇನಲ್ಲ, ನಮ್ಮ ಹಳ್ಳಿಗಳಲ್ಲಿಯೂ ಹಗೇವುಗಳಿದ್ದವು ಎಂದು ಕೆಲವರು ಹೇಳುವರು. ಇದ್ದವು, ನಿಜ. ನೆಲದೊಳಗಿನ ಆ ಹಗೇವುಗಳಲ್ಲಿ ಜೋಳವು ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದಿತು. ಇಲ್ಲಿಯ ಜನರು ಅದನ್ನು ಪೇವ್ ಎನ್ನುವರು. ಆದರೆ ದೊಡ್ಡ ಹಗೇವುಗಳು ಯಾರ ಅಂಗಳದಲ್ಲಿದ್ದವು? ಬರಗಾಲದಲ್ಲಿ ಬಡವನು ಅದರ ಮುಂದೆ ಸೆರಗೊಡ್ಡಿ ನಿಲ್ಲಬೇಕಾಗಿದ್ದಿತು. ಜಹೀರಾಬಾದಿನಲ್ಲಿ ಕಣಜದ ಕೀಲಿಕೈ ಕೂಲಿಯ ಹೆಣ್ಣುಮಗಳ ಕೈಯಲ್ಲಿದೆ. ಹಳೆಯದನ್ನು ಕೊಂಡಾಡುವವರು ಈ ಭೇದವನ್ನು ಮರೆಯುತ್ತಾರೆ.

ಇನ್ನು ಕೆಲವರು ಮಾಳಿಗೆಯ ಮೇಲೆ ಕುಂಡಗಳಲ್ಲಿ ಟೊಮ್ಯಾಟೊ ಬೆಳೆಯುವುದನ್ನೇ ಸ್ವಾವಲಂಬನೆಯೆನ್ನುವರು. ಕೊತ್ತಂಬರಿಗೆ ಅದು ಸಾಕು, ಮಕ್ಕಳಿಗೆ ಮಣ್ಣಿನ ಪರಿಚಯವೂ ಆಗುವುದು. ಆದರೆ ರೊಟ್ಟಿಯ ಪ್ರಶ್ನೆ ಅದರಿಂದ ತೀರದು. ಎಲ್ಲವನ್ನೂ ತಾನೇ ಬೆಳೆದುಕೊಳ್ಳುವುದು ಯಾವ ಊರಿಗೂ ಆಗದ ಮಾತು. ಬೆಳೆಯುವವನು, ಕೂಡಿಡುವವನು, ಉಣ್ಣುವವನು ಈ ಮೂವರೂ ಮೊದಲೇ ಮಾತಾಡಿಕೊಂಡು ಲಾಭನಷ್ಟಗಳನ್ನು ಹಂಚಿಕೊಳ್ಳುವುದನ್ನು ನಾವು ಸ್ವಾವಲಂಬನೆಯೆಂದು ಕರೆಯುತ್ತೇವೆ.

ಆದುದರಿಂದ ನಮ್ಮದೊಂದು ಸೂಚನೆಯಿದೆ. ಈ ಶಾಲೆಯ ಅನೇಕ ಮನೆಗಳಲ್ಲಿ ಇಂದಿಗೂ ಜೋಳದ ರೊಟ್ಟಿಯನ್ನು ತಟ್ಟುವರು. ಅಂಥ ಮನೆಗಳು ಕೂಡಿ, ನಗರದ ಸುತ್ತಲಿನ ಹಳ್ಳಿಯ ನಾಲ್ಕಾರು ಒಕ್ಕಲಿಗರೊಡನೆ ಮೃಗಶಿರಾ ಮಳೆಗೆ ಮೊದಲೇ ಒಪ್ಪಂದ ಮಾಡಿಕೊಳ್ಳಬಾರದೇಕೆ? ಬೆಲೆಯನ್ನು ಬಿತ್ತುವ ಮೊದಲೇ ಗೊತ್ತುಮಾಡಿ, ಒಂದು ಭಾಗವನ್ನು ಮುಂಗಡವಾಗಿ ಕೊಡುವುದು. ಪೈರು ಕೆಟ್ಟರೆ ಆ ಮುಂಗಡವನ್ನು ಹಿಂದಕ್ಕೆ ಕೇಳದಿರುವುದು. ಪೇಟೆಯ ಬೆಲೆಗಿಂತ ಕಿಲೋಗೆ ಕೆಲವು ರೂಪಾಯಿ ಹೆಚ್ಚಾಗುವ ವರ್ಷವೂ ಬಂದೀತು. ಆಗಲೂ ಮಾತಿಗೆ ತಪ್ಪದೆ ನಿಲ್ಲುವ ಮನೆಗಳೆಷ್ಟು ಎಂಬುದೇ ನಮ್ಮ ಸಂದೇಹ. ನಾಗಪುರವನ್ನೆಲ್ಲ ಇದು ಸಾಕಲಾರದು. ನಾಲ್ಕು ಹೊಲಗಳಲ್ಲಿ ಜೋಳವನ್ನೂ ನಾಲ್ಕು ಕೊಟ್ಟಿಗೆಗಳಲ್ಲಿ ಕಣಿಕೆಯನ್ನೂ ಉಳಿಸೀತು.

ವಿದ್ಯಾರ್ಥಿಗಳು ಮನೆಯಲ್ಲಿ ತಾಯಂದಿರನ್ನು ಕೇಳಿ, ತಿಂಗಳಿಗೆ ಎಷ್ಟು ಕಿಲೋ ಜೋಳ ಬೇಕಾಗುವುದೆಂಬುದನ್ನು ಬೇಸಗೆಯ ರಜೆಗೆ ಮುಂಚೆ ಬರೆದು ತರಲಿ. ಲೆಕ್ಕವನ್ನು ಕೂಡಿಸುವ ಕೆಲಸವನ್ನು ಒಂಬತ್ತನೆಯ ತರಗತಿಯವರಿಗೆ ವಹಿಸುತ್ತೇವೆ.